ಅಡುಗೆಮನೆಗೆ ಬಂದ ಸರ್ಕಾರ

ಒಂದು ಶಿಲಿಂಗ್ ಒಂಬತ್ತು ಪೆನ್ನಿಗಾಗಿ ಬ್ರಿಟನ್ನಿನಲ್ಲಿ ಒಂದು ಸರ್ಕಾರವೇ ಬಿದ್ದುಹೋಯಿತು. ಕೆಲಸ ಕಳೆದುಕೊಂಡ ಗಂಡಸಿಗೆ ವಾರಕ್ಕೆ ಸಿಗುತ್ತಿದ್ದ 17 ಶಿಲಿಂಗ್ ಭತ್ಯೆಯನ್ನು 15 ಶಿಲಿಂಗ್ 3 ಪೆನ್ನಿಗೆ ಇಳಿಸಬೇಕೇ, ಬೇಡವೇ? 1931ರ ಆಗಸ್ಟ್ 23, ಭಾನುವಾರ ಸಂಜೆ ಲೇಬರ್ ಪಕ್ಷದ ಮಂತ್ರಿಗಳು ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಡೌನಿಂಗ್ ಸ್ಟ್ರೀಟಿನ ಪ್ರಧಾನಿ ನಿವಾಸದ ತೋಟದಲ್ಲಿ ಶತಪಥ ಹಾಕುತ್ತಿದ್ದರು. ನ್ಯೂಯಾರ್ಕಿನ ಬ್ಯಾಂಕಿನವರಿಂದ ತಂತಿ ಬರಬೇಕಿತ್ತು. ಪೌಂಡಿನ ಬೆಲೆ ಕುಸಿಯದಂತೆ ಹಿಡಿದು ನಿಲ್ಲಿಸಲು ಸಾಲ ಬೇಕು. ಸಾಲ ಸಿಗಬೇಕಾದರೆ ಖರ್ಚು ಕಡಿಮೆಯಾಗಬೇಕು. ಖರ್ಚು ಕಡಿಮೆ ಮಾಡುವುದೆಂದರೆ ನಿರುದ್ಯೋಗಿಯ ಭತ್ಯೆಗೆ ಕೈ ಹಾಕುವುದು. ತಂತಿ ಬಂದ ಮೇಲೆ ಒಬ್ಬೊಬ್ಬರ ಅಭಿಪ್ರಾಯ ಕೇಳಿದರು. ಶೇ. 10ರ ಕಡಿತಕ್ಕೆ ಒಪ್ಪಿದವರು ಹನ್ನೊಂದು ಮಂದಿ, ಒಪ್ಪದವರು ಒಂಬತ್ತು. ಬಹುಮತವೇನೋ ಸಿಕ್ಕಿತು, ಆದರೆ ಒಂಬತ್ತು ಮಂತ್ರಿಗಳನ್ನು ಕಳೆದುಕೊಂಡು ಸರ್ಕಾರ ನಡೆಸುವುದು ಸಾಧ್ಯವಿರಲಿಲ್ಲ. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅದೇ ರಾತ್ರಿ ಅರಮನೆಗೆ ಹೋಗಿ ದೊರೆಗೆ ಪರಿಸ್ಥಿತಿ ತಿಳಿಸಿದರು. ಮರುದಿನ ಹೊರಬಂದಾಗ ಅವರು ಕನ್ಸರ್ವೇಟಿವ್ ಮತ್ತು ಲಿಬರಲ್ ಪಕ್ಷದವರನ್ನು ಕೂಡಿಸಿಕೊಂಡ 'ರಾಷ್ಟ್ರೀಯ ಸರ್ಕಾರ'ದ ಪ್ರಧಾನಿ. ಸ್ವಂತ ಪಕ್ಷ ಅವರನ್ನು ಹೊರಹಾಕಿತು, ಬದುಕಿರುವವರೆಗೂ ಕ್ಷಮಿಸಲಿಲ್ಲ.

ಇಷ್ಟೆಲ್ಲ ರಾದ್ಧಾಂತ ಎಬ್ಬಿಸಿದ ಆ ಶೇ. 10ನ್ನು 1934ರ ಜುಲೈನಲ್ಲಿ ಸರ್ಕಾರ ವಾಪಸ್ ಕೊಟ್ಟಿತು. ಜನ ಅದನ್ನು ಬೇಗ ಮರೆತರು. ಮರೆಯದೆ ಉಳಿದದ್ದು ಅದರ ಬೆನ್ನಿಗೇ ಬಂದ ಇನ್ನೊಂದು ಸಂಗತಿ. ಸರ್ಕಾರದ ಕಡೆಯವನೊಬ್ಬ ಮನೆಯೊಳಕ್ಕೆ ಬಂದು, ಯಾರು ಎಷ್ಟು ದುಡಿಯುತ್ತಾರೆ, ಯಾರ ಹೆಸರಲ್ಲಿ ಎಷ್ಟಿದೆ, ಗೋಡೆಗೊರಗಿಸಿಟ್ಟ ಆ ಪಿಯಾನೊ ಮಾರಿದರೆ ಎಷ್ಟು ಬಂದೀತು ಎಂದು ಲೆಕ್ಕ ಹಾಕುವ 'ಮೀನ್ಸ್ ಟೆಸ್ಟ್'. ಬ್ರಿಟನ್ನಿನ ನಿರುದ್ಯೋಗ ಭತ್ಯೆಯ ಚರಿತ್ರೆಯನ್ನು ಶಿಲಿಂಗು ಪೆನ್ನಿಗಳ ಏರಿಳಿತವಾಗಿ ಬರೆದವರು ಬಹಳ ಮಂದಿ. ನನಗೆ ಅದು ಹೊಸ್ತಿಲಿನ ಜಗಳವಾಗಿ ಕಾಣುತ್ತದೆ. ಕೊಡುವ ಸರ್ಕಾರ ಹೊಸ್ತಿಲ ಆಚೆ ನಿಲ್ಲಬೇಕೋ, ಒಳಗೆ ಬರಬಹುದೋ ಎಂಬ ಜಗಳ.

ಅದಕ್ಕೊಂದು ಹಿನ್ನೆಲೆ ಇದೆ. 1834ರ ಬಡವರ ಕಾಯ್ದೆಯ ಪ್ರಕಾರ ಗಟ್ಟಿಮುಟ್ಟಾದ ಆಳು ನೆರವು ಕೇಳಿದರೆ ಅವನನ್ನು ವರ್ಕ್‌ಹೌಸಿಗೆ ಕಳಿಸಬೇಕು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ಕೂಳು ಸಿಗುತ್ತದೆ, ಆದರೆ ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಒಳಗಿನ ಬದುಕು ಕೀಳಾಗಿಯೇ ಇರಬೇಕು. ಇಲ್ಲದಿದ್ದರೆ ಎಲ್ಲರೂ ಬಂದು ಕೂತಾರು ಎಂಬ ಭಯ. ಈ ಭಯಕ್ಕೆ ಮೊದಲ ಸಲ ಬೆನ್ನು ತಿರುಗಿಸಿದ್ದು 1911ರ ರಾಷ್ಟ್ರೀಯ ವಿಮಾ ಕಾಯ್ದೆ. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಜರ್ಮನಿಗೆ ಹೋಗಿ ಅಲ್ಲಿನ ಕಾಯಿಲೆ ವಿಮೆ, ಮುಪ್ಪಿನ ವಿಮೆಗಳನ್ನು ನೋಡಿ ಬಂದಿದ್ದರು. ನಿರುದ್ಯೋಗಕ್ಕೆ ವಿಮೆ ಜರ್ಮನಿಯಲ್ಲೂ ಇರಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ನಿರುದ್ಯೋಗ ವಿಮೆ ಜಗತ್ತಿನಲ್ಲಿ ಅದೇ ಮೊದಲು. ಹಡಗು ಕಟ್ಟುವವರು, ಮನೆ ಕಟ್ಟುವವರು, ಯಂತ್ರ ಕಾರ್ಖಾನೆಯವರು, ಎರಕದವರು ಹೀಗೆ ಕೆಲಸ ಬಂದು ಹೋಗುವ ಕಸುಬುಗಳ ಸುಮಾರು 22 ಲಕ್ಷ ಕಾರ್ಮಿಕರು ಅದರೊಳಗೆ ಬಂದರು. ಕಾರ್ಮಿಕ ವಾರಕ್ಕೆ ಎರಡೂವರೆ ಪೆನ್ನಿ, ಮಾಲೀಕ ಎರಡೂವರೆ ಪೆನ್ನಿ, ಸರ್ಕಾರ ಅದಕ್ಕಿಂತ ಸ್ವಲ್ಪ ಕಡಿಮೆ. ಕೆಲಸ ಹೋದರೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ.

ಇದರ ಹಿಂದೆ ದುಡಿದವರು ಇಬ್ಬರು. ಒಬ್ಬರು ವಿಲಿಯಂ ಬೆವರಿಜ್. ಇವರು ಹುಟ್ಟಿದ್ದು ಬಂಗಾಳದ ರಂಗಪುರದಲ್ಲಿ, ಐಸಿಎಸ್ ಅಧಿಕಾರಿಯ ಮಗ. ನಿರುದ್ಯೋಗ ಎಂಬುದು ಆಳಿನ ಸೋಮಾರಿತನವಲ್ಲ, ಉದ್ಯಮದ ರೋಗ ಎಂದು 1909ರಲ್ಲೇ ಪುಸ್ತಕ ಬರೆದಿದ್ದರು. ಮುಂದಿನ ವರ್ಷ ಫೆಬ್ರವರಿಯಲ್ಲಿ ಬಾಗಿಲು ತೆರೆದ ಉದ್ಯೋಗ ವಿನಿಮಯ ಕೇಂದ್ರಗಳು ಬಹುಪಾಲು ಅವರ ಕಲ್ಪನೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಒಂದು ತಲೆಮಾರು ಪದವಿ ಪ್ರಮಾಣಪತ್ರ ಹಿಡಿದು ಸಾಲು ನಿಂತ 'ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್' ಅದರ ದೂರದ ನೆಂಟ. ಇನ್ನೊಬ್ಬರು ಆಗ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದ ವಿನ್‌ಸ್ಟನ್ ಚರ್ಚಿಲ್. ಭಾರತೀಯರಿಗೆ ಈ ಹೆಸರಿನ ಮೇಲೆ ಪ್ರೀತಿ ಹುಟ್ಟಲು ಕಾರಣವಿಲ್ಲ. ಆದರೂ 1909ರ ಅವರ ಒಂದು ಟಿಪ್ಪಣಿಯನ್ನು ನೆನೆಯಲೇಬೇಕು. ಕುಡಿದು ಕೆಲಸ ಕಳೆದುಕೊಂಡವನಿಗೂ ಭತ್ಯೆ ಕೊಡಬೇಕೇ ಎಂಬ ಚರ್ಚೆ ಬಂದಾಗ ಚರ್ಚಿಲ್, ನೀತಿಯನ್ನೂ ಗಣಿತವನ್ನೂ ಕಲಸುವುದು ತನಗೆ ಸೇರದು ಎಂದು ಬರೆದರು. ವಂತಿಗೆ ಕಟ್ಟಿದ್ದಾನೆ, ಕೆಲಸವಿಲ್ಲ, ಆದ್ದರಿಂದ ದುಡ್ಡು ಅವನದು. ಅಧಿಕಾರಿಗಳಿಗೆ ಇದು ರುಚಿಸಲಿಲ್ಲ. ದುರ್ನಡತೆಯಿಂದ ಕೆಲಸ ಹೋದವನಿಗೆ ಆರು ವಾರ ಭತ್ಯೆ ಇಲ್ಲ ಎಂಬ ಸಾಲು ಕಾಯ್ದೆಯೊಳಗೆ ಹೇಗೋ ಸೇರಿಕೊಂಡಿತು. ನೀತಿ ಅಲ್ಲಿಂದಲೇ ಗಣಿತದೊಳಗೆ ಕಾಲಿಟ್ಟಿತು.

ಯುದ್ಧ ಬಂತು, ಮುಗಿಯಿತು. 1918ರ ನವೆಂಬರಿನಲ್ಲಿ ಬಂದೂಕು ಕೆಳಗಿಟ್ಟು ಬಂದ ಲಕ್ಷಾಂತರ ಸೈನಿಕರನ್ನು ಬಡವರ ಕಾಯ್ದೆಯ ಕಟಕಟೆಗೆ ಕಳಿಸುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ರಷ್ಯದಲ್ಲಿ ಏನಾಯಿತೆಂದು ಎಲ್ಲರೂ ನೋಡಿದ್ದರು. ಹಾಗಾಗಿ ಒಂದು ಪೆನ್ನಿಯ ವಂತಿಗೆಯೂ ಇಲ್ಲದೆ ಗಂಡಸರಿಗೆ ವಾರಕ್ಕೆ 29 ಶಿಲಿಂಗ್, ಹೆಂಗಸರಿಗೆ 25 ಶಿಲಿಂಗ್, ಮಕ್ಕಳಿದ್ದರೆ ಅದಕ್ಕೊಂದಿಷ್ಟು ಕೊಟ್ಟರು. ತಾತ್ಕಾಲಿಕ ಎಂದೇ ಕೊಟ್ಟದ್ದು. ಆದರೆ ಕೆಲಸವಿಲ್ಲದ ಕುಟುಂಬವನ್ನು ಸರ್ಕಾರ ಸಾಕಬಲ್ಲದು ಎಂಬುದನ್ನು ಒಮ್ಮೆ ಕಂಡ ಜನ ಅದನ್ನು ಮರೆಯಲು ಒಪ್ಪಲಿಲ್ಲ. 1920ರಲ್ಲಿ ವಿಮೆಯನ್ನು ಸುಮಾರು ಒಂದು ಕೋಟಿ ಹತ್ತು ಲಕ್ಷ ಕಾರ್ಮಿಕರಿಗೆ ಹಬ್ಬಿಸಿದರು. ಹೊಲದ ಆಳು, ಮನೆಗೆಲಸದವರು ಮಾತ್ರ ಹೊರಗೆ. ನಿರುದ್ಯೋಗ ಕಡಿಮೆಯೇ ಇರಬಹುದೆಂದು ಅಂದಾಜು ಮಾಡಿ ಹಾಕಿದ ಲೆಕ್ಕ. ಕಾಯ್ದೆ ಜಾರಿಯಾದ ಕೆಲವೇ ತಿಂಗಳಲ್ಲಿ, 1921ರ ಬೇಸಿಗೆಯ ಹೊತ್ತಿಗೆ, ಕೆಲಸವಿಲ್ಲದವರು 20 ಲಕ್ಷ ದಾಟಿದರು. ಸೋನೆ ಮಳೆಗೆಂದು ಹೆಣೆದ ಗೊರಬಿನ ಮೇಲೆ ಆಗುಂಬೆಯ ಮಳೆ ಸುರಿದಂತಾಯಿತು.

ಕಟ್ಟಿದ ವಂತಿಗೆಗೆ ಸಿಗುವ ವಾರಗಳು ಮುಗಿದವು, ಕೆಲಸ ಬರಲಿಲ್ಲ. ಹಾಗಾದರೆ ಮುಂದೇನು? ಸರ್ಕಾರ ಭತ್ಯೆಯನ್ನು ಮುಂದುವರಿಸಿತು, ಜೊತೆಗೆ ಒಂದು ಷರತ್ತು ಹಾಕಿತು: ಅರ್ಜಿದಾರ 'ಪ್ರಾಮಾಣಿಕವಾಗಿ' ಕೆಲಸ ಹುಡುಕುತ್ತಿರಬೇಕು. ಊರಿನಲ್ಲಿ ಕೆಲಸವಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ಅವನ ಮನಸ್ಸಿನಲ್ಲಿ ಹುಡುಕುವ ಆಸೆ ಇದೆಯೋ ಇಲ್ಲವೋ ಎಂಬುದು ಪ್ರಶ್ನೆ. ಸಮಿತಿಯ ಮುಂದೆ ನಿಂತು, ಸೋಮವಾರ ಯಾವ ಗಣಿಗೆ ಹೋದೆ, ಮಂಗಳವಾರ ಯಾವ ಗೇಟಿಗೆ ಹೋದೆ, ಅಲ್ಲಿ ಯಾರನ್ನು ಕೇಳಿದೆ ಎಂದು ಒಪ್ಪಿಸಬೇಕು. ಗಣಿ ಮುಚ್ಚಿ ವರ್ಷವಾಗಿದೆ ಎಂಬುದು ಕೇಳುವವರಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆದರೂ ದಿನಾ ಮೈಲುಗಟ್ಟಲೆ ನಡೆದು ಮುಚ್ಚಿದ ಗೇಟಿನ ಮುಂದೆ ನಿಂತು ಬರಬೇಕು. 1921ರಿಂದ 1930ರ ನಡುವೆ ಈ ಷರತ್ತಿನಡಿ ತಿರಸ್ಕೃತವಾದ ಅರ್ಜಿಗಳು 30 ಲಕ್ಷದ ಹತ್ತಿರ. ಇದನ್ನು ಬಿಗಿ ಮಾಡಿದ್ದು 1924ರ ಮೊದಲ ಲೇಬರ್ ಸರ್ಕಾರ, ತೆಗೆದುಹಾಕಿದ್ದು 1930ರ ಎರಡನೇ ಲೇಬರ್ ಸರ್ಕಾರ. ಬಡವರ ಪಕ್ಷ, ಶ್ರೀಮಂತರ ಪಕ್ಷ ಎಂಬ ಗೆರೆ ಈ ಕಥೆಯಲ್ಲಿ ನೆಟ್ಟಗೆ ಓಡುವುದಿಲ್ಲ.

ಅಷ್ಟರಲ್ಲಿ 1929ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಕುಸಿದಿತ್ತು. 1930 ಮುಗಿಯುವಾಗ ನಿರುದ್ಯೋಗಿಗಳು 25 ಲಕ್ಷ. ವಿಮಾ ನಿಧಿ ಸಾಲದಲ್ಲಿ ಮುಳುಗಿತು. ಪ್ರುಡೆನ್ಶಿಯಲ್ ವಿಮಾ ಕಂಪನಿಯಿಂದ ನಿವೃತ್ತರಾದ ಸರ್ ಜಾರ್ಜ್ ಮೇ ಅವರ ಸಮಿತಿ 1931ರ ಜುಲೈ ಕೊನೆಯಲ್ಲಿ ವರದಿ ಕೊಟ್ಟು, ಬಜೆಟ್ಟಿನಲ್ಲಿ 12 ಕೋಟಿ ಪೌಂಡ್ ಕೊರತೆ ಬೀಳಲಿದೆ, ಭತ್ಯೆಯನ್ನು ಶೇ. 20 ಇಳಿಸಿ ಎಂದಿತು. ವಿದೇಶಿ ಹಣ ಲಂಡನ್ನಿನಿಂದ ಓಡತೊಡಗಿತು. ಡೌನಿಂಗ್ ಸ್ಟ್ರೀಟಿನ ತೋಟದ ಆ ಭಾನುವಾರ ಬಂದದ್ದು ಹೀಗೆ. ಪೌಂಡನ್ನು ಚಿನ್ನಕ್ಕೆ ಕಟ್ಟಿ ಉಳಿಸಲೆಂದೇ ಇಷ್ಟೆಲ್ಲ ಮಾಡಿದ ಹೊಸ ಸರ್ಕಾರ, ನಾಲ್ಕು ವಾರ ತುಂಬುವಷ್ಟರಲ್ಲೇ, ಸೆಪ್ಟೆಂಬರ್ 21ರಂದು ಚಿನ್ನದ ನಂಟನ್ನೇ ಕಡಿದುಕೊಂಡಿತು. ಆಕಾಶ ಕಳಚಿ ಬೀಳಲಿಲ್ಲ. ನಿರುದ್ಯೋಗಿಯ ಒಂದು ಶಿಲಿಂಗ್ ಒಂಬತ್ತು ಪೆನ್ನಿ ಮಾತ್ರ ಹೋದದ್ದು ಹೋಗಿಯೇ ಇತ್ತು.

ಅದೇ ಸೆಪ್ಟೆಂಬರಿನಲ್ಲಿ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿನಲ್ಲಿದ್ದರು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೂ ಸಂಸ್ಥಾನಗಳ ಪರವಾಗಿ ಆ ಪರಿಷತ್ತಿನಲ್ಲಿ ಕೂತಿದ್ದರು. ಗಾಂಧಿ ಪರಿಷತ್ತಿನ ನಡುವೆ ಬಿಡುವು ಮಾಡಿಕೊಂಡು ಲ್ಯಾಂಕಾಶೈರಿನ ಗಿರಣಿ ಊರುಗಳಿಗೆ ಹೋದರು. ಡಾರ್ವೆನ್‌ನಲ್ಲಿ ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಹಾಕುತ್ತಿರುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಭಾರತ ವಿದೇಶಿ ಬಟ್ಟೆ ಬಿಟ್ಟದ್ದರಿಂದಲೂ ಕೆಲಸ ಕಳೆದುಕೊಂಡ ಊರು ಅದು. ಕೆಲಸವಿಲ್ಲದವರ ಮುಂದೆ ಗಾಂಧಿ ಲೆಕ್ಕ ಇಟ್ಟರು: ನಿಮ್ಮಲ್ಲಿ ನಿರುದ್ಯೋಗಿಗಳು 30 ಲಕ್ಷ, ನಮ್ಮಲ್ಲಿ ವರ್ಷದ ಅರ್ಧ ಕಾಲ ಕೆಲಸವಿಲ್ಲದವರು 30 ಕೋಟಿ, ನಿಮಗೆ ಸಿಗುವ ಭತ್ಯೆ ಸರಾಸರಿ 70 ಶಿಲಿಂಗ್, ನಮ್ಮವರ ತಿಂಗಳ ಸರಾಸರಿ ವರಮಾನವೇ ಏಳೂವರೆ ಶಿಲಿಂಗ್. ಕೇಳಿದವರು ಕೆರಳಲಿಲ್ಲ. ತಾನೂ ನಿರುದ್ಯೋಗಿಯೇ, ಆದರೆ ಭಾರತದಲ್ಲಿದ್ದರೆ ಗಾಂಧಿ ಹೇಳುವುದನ್ನೇ ಹೇಳುತ್ತಿದ್ದೆ ಎಂದ ಕಾರ್ಮಿಕನೊಬ್ಬನ ಮಾತು ಆ ಭೇಟಿಯ ದಾಖಲೆಗಳಲ್ಲಿ ಉಳಿದಿದೆ.

ಭತ್ಯೆಯ ಕಡಿತ ಅಕ್ಟೋಬರಿನಲ್ಲಿ ಕೈಗೆ ತಟ್ಟಿತು. ಮೀನ್ಸ್ ಟೆಸ್ಟ್ ನವೆಂಬರ್ 12ರಂದು ಜಾರಿಗೆ ಬಂತು. ವಿಮೆಯ 26 ವಾರ ಮುಗಿದವರು ಇನ್ನು ಮುಂದೆ ಸ್ಥಳೀಯ 'ಸಾರ್ವಜನಿಕ ನೆರವು ಸಮಿತಿ'ಯ ಮುಂದೆ ನಿಲ್ಲಬೇಕು. ಸಮಿತಿಯ ಹೆಸರು ಹೊಸದು, ಕೂತವರು ಹಳೆಯ ಬಡವರ ಕಾಯ್ದೆಯ ವಾರಸುದಾರರು. ಮೂವತ್ತು ವರ್ಷ ಉಕ್ಕು ಎರಕ ಹೊಯ್ದು, ವಾರ ತಪ್ಪದೆ ವಂತಿಗೆ ಕಟ್ಟಿದವನನ್ನು ತಿರುಗಿ ಭಿಕ್ಷುಕರ ಸಾಲಿಗೆ ತಳ್ಳಿದ್ದು ಈ ನಡೆ. ಆ ಬಳಿಕ ಮನೆಗೆ ತನಿಖೆಯವನು ಬರುತ್ತಿದ್ದ.

ಅವನು ಬಂದಾಗ ಏನಾಗುತ್ತಿತ್ತು ಎಂಬುದನ್ನು ಒಂದು ಮನೆಯ ಲೆಕ್ಕದಲ್ಲೇ ನೋಡೋಣ. ಅಪ್ಪನಿಗೆ 15 ಶಿಲಿಂಗ್ 3 ಪೆನ್ನಿ, ಅಮ್ಮನಿಗೆ 8 ಶಿಲಿಂಗ್, ಮೂರು ಸಣ್ಣ ಮಕ್ಕಳಿಗೆ ತಲಾ 2 ಶಿಲಿಂಗ್. ಒಟ್ಟು 29 ಶಿಲಿಂಗ್ 3 ಪೆನ್ನಿ. ಹಿರಿಯ ಮಗಳು ಗಿರಣಿಗೆ ಹೋಗುತ್ತಾಳೆ ಎನ್ನಿ. ಅವಳ ಕೂಲಿಯಲ್ಲಿ ಅವಳ ಖರ್ಚಿಗೆಂದು ಒಂದಿಷ್ಟು ಬಿಟ್ಟು ಉಳಿದದ್ದನ್ನು ಮನೆಯ ವರಮಾನವೆಂದು ಹಿಡಿದು ಅಪ್ಪನ ಭತ್ಯೆಯಿಂದ ಕಳೆಯುತ್ತಾರೆ. ಅಜ್ಜಿಗೆ ವಾರಕ್ಕೆ ಬರುವ 10 ಶಿಲಿಂಗ್ ವೃದ್ಧಾಪ್ಯ ವೇತನವೂ ಲೆಕ್ಕಕ್ಕೆ ಬರುತ್ತದೆ. ಯುದ್ಧದಲ್ಲಿ ಕಾಲು ಕಳೆದುಕೊಂಡವನ ಪಿಂಚಣಿಯನ್ನೂ ಬಿಡಲಿಲ್ಲ. ಅದರಲ್ಲಿ ಅರ್ಧವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಕಾಯ್ದೆ ಬರಲು 1932ರ ಕೊನೆಯಾಗಬೇಕಾಯಿತು. ಮಗಳ ದುಡಿಮೆಯಲ್ಲಿ ಉಣ್ಣುವ ಅಪ್ಪ, ಅಪ್ಪನನ್ನು ಸಾಕಬೇಕಾದ್ದರಿಂದ ಮದುವೆ ಮುಂದೂಡುವ ಮಗಳು. ನಮ್ಮ ಕಡೆ ಇದು ತೀರಾ ಅಪರಿಚಿತವಲ್ಲ, ಮಕ್ಕಳು ಮನೆ ನೋಡಿಕೊಳ್ಳುವುದು ಲೋಕರೂಢಿಯೇ. ಆದರೆ ಪ್ರೀತಿಯಿಂದ ಕೊಡುವುದನ್ನು ಕಾಯ್ದೆ ಕಿತ್ತುಕೊಂಡರೆ ಅದರ ಬಣ್ಣವೇ ಬೇರೆ. ದುಡಿಯುವ ಮಗ ಚೀಲ ಕಟ್ಟಿಕೊಂಡು ಪಕ್ಕದ ಬೀದಿಯ ಬಾಡಿಗೆ ಕೋಣೆಗೆ ಹೋದ. ಹೋದರೆ ಅಪ್ಪನ ಭತ್ಯೆ ಪೂರ್ತಿ ಬರುತ್ತದೆ. ಮುದುಕ ಅಪ್ಪ ಮಕ್ಕಳ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿಯಬೇಕಾಗಿ ಬರುತ್ತಿದ್ದುದನ್ನು ಜಾರ್ಜ್ ಆರ್ವೆಲ್ 1936ರಲ್ಲಿ ವಿಗನ್ ಕಡೆ ತಿರುಗಾಡಿ ಬಂದು ಬರೆದಿದ್ದಾರೆ. ನೆರೆಮನೆಯವರು ಗುಟ್ಟಾಗಿ ದೂರು ಕೊಡುವ ಚಾಳಿಯೂ ಹುಟ್ಟಿತು. ಕುಟುಂಬ ಒಡೆಯುತ್ತದೆ ಎಂದು ಕಾರ್ಮಿಕರ ಮೇಲೆ ಸದಾ ನೀತಿಪಾಠ ಹೇರುತ್ತಿದ್ದವರೇ ಕುಟುಂಬ ಒಡೆಯುವ ಕಾಯ್ದೆ ಮಾಡಿದ್ದರು.

ಎಲ್ಲ ಸಮಿತಿಗಳೂ ಕಲ್ಲೆದೆಯವಲ್ಲ. ಡರ್ಹಮ್ ಮತ್ತು ರಾದರಮ್‌ಗಳಲ್ಲಿ ಸಮಿತಿಯವರು ಕಣ್ಣುಮುಚ್ಚಿ ಪೂರ್ತಿ ಭತ್ಯೆ ಕೊಡುತ್ತಿದ್ದರು. 1932ರಲ್ಲಿ ಸರ್ಕಾರ ಅವರನ್ನು ಕೆಳಗಿಳಿಸಿ ತನ್ನ ಕಮಿಷನರುಗಳನ್ನು ಕೂರಿಸಿತು. ಅದೇ ವರ್ಷ ಬರ್ಕನ್‌ಹೆಡ್‌ನಲ್ಲಿ ದಿನಗಟ್ಟಲೆ ಗಲಭೆಯಾಯಿತು. ವಾಲ್ ಹ್ಯಾನಿಂಗ್ಟನ್ ನಾಯಕತ್ವದ ನಿರುದ್ಯೋಗಿಗಳ ಸಂಘಟನೆ ಹತ್ತು ಲಕ್ಷ ಸಹಿಗಳ ಅರ್ಜಿ ಹೊತ್ತು ಲಂಡನ್ನಿಗೆ ನಡೆದು ಬಂತು. ಪೊಲೀಸರು ಅರ್ಜಿಯನ್ನೇ ವಶಪಡಿಸಿಕೊಂಡರು. 1933ರ ಜನವರಿಯಲ್ಲಿ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ಮುಟ್ಟುವಂತಿತ್ತು.

ಸ್ಥಳೀಯ ಸಮಿತಿಗಳಿಂದ ತಲೆನೋವೇ ಹೆಚ್ಚು ಎಂದು ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲಿನ್ ತೀರ್ಮಾನಿಸಿದರು. 1934ರ ಕಾಯ್ದೆ ಈ ಕೆಲಸವನ್ನು ಇಡೀ ದೇಶಕ್ಕೆ ಒಂದೇ ಆದ ನಿರುದ್ಯೋಗ ನೆರವು ಮಂಡಳಿಗೆ ವಹಿಸಿತು. ಚುನಾವಣೆಗೆ ನಿಲ್ಲುವವರು ಭತ್ಯೆ ಹಂಚಿದರೆ ಉದಾರಿಗಳಾಗುತ್ತಾರೆ, ಆದ್ದರಿಂದ ಅದನ್ನು ರಾಜಕೀಯದಿಂದ ಬಿಡಿಸಬೇಕು ಎಂಬುದು ವಾದ. 1935ರ ಜನವರಿ 7ರಂದು ಹೊಸ ದರಪಟ್ಟಿ ಜಾರಿಯಾಯಿತು. ಏಕರೂಪ ಮಾಡುವಾಗ ಉದಾರವಾಗಿದ್ದ ಊರುಗಳಲ್ಲಿ ಭತ್ಯೆ ಇಳಿಯಿತು. ಲಂಡನ್ನಿನಲ್ಲಿ ಕೂತು ಪಟ್ಟಿ ಬರೆದವರು ಇದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ.

ದಕ್ಷಿಣ ವೇಲ್ಸ್ ಎದ್ದು ನಿಂತಿತು. ಫೆಬ್ರವರಿ 3, ಭಾನುವಾರ, ಕಣಿವೆ ಕಣಿವೆಗಳಲ್ಲಿ ಬೀದಿಗಿಳಿದವರು ಸುಮಾರು ಮೂರು ಲಕ್ಷ ಮಂದಿ ಎಂಬ ಅಂದಾಜಿದೆ. ಗಣಿಯವರು, ಪಾದ್ರಿಗಳು, ಅಂಗಡಿಯವರು, ಮೇಷ್ಟರು. ಅಂಗಡಿಯವರಿಗೂ ಗೊತ್ತಿತ್ತು, ಭತ್ಯೆ ನಿಂತರೆ ತಮ್ಮ ಗಲ್ಲಾಪೆಟ್ಟಿಗೆಯೂ ಖಾಲಿ ಎಂದು. ಮರುದಿನ ಮರ್ಥರ್ ಟಿಡ್‌ಫಿಲ್ ಊರಿನ ಹೆಂಗಸರು ಮಂಡಳಿಯ ಕಚೇರಿಗೆ ಹೊರಟರು. ಪಕ್ಕದ ಡೌಲೆಯ್ಸ್‌ನ ಉಕ್ಕಿನ ಕಾರ್ಖಾನೆ 1930ರಲ್ಲೇ ಮುಚ್ಚಿ ಊರು ಸುಟ್ಟ ಒಲೆಯಾಗಿತ್ತು. ಮೆರವಣಿಗೆಯಲ್ಲಿದ್ದ ಕೆಲವರ ಕಂಕುಳಲ್ಲಿ ಕೂಸು. ಕಿಟಕಿ ಗಾಜು ಪುಡಿಯಾದವು. ಒಳನುಗ್ಗಿದವರು ಟೈಪ್‌ರೈಟರುಗಳನ್ನು ಒಡೆದರು, ಕಡತಗಳನ್ನು ರಾಶಿ ಹಾಕಿ ಸುಟ್ಟರು. ಮನೆ ಮನೆಯ ಪಾತ್ರೆ ಪಡಗ, ಮಗಳ ಕೂಲಿ, ಅಜ್ಜಿಯ ಪಿಂಚಣಿ ಬರೆದಿಟ್ಟ ಕಾಗದಗಳು. ಮನೆಯೊಳಗೆ ಬಂದ ತನಿಖೆಗೆ ಮೊದಲು ಉತ್ತರ ಹೇಳಬೇಕಿದ್ದವರು ಹೆಂಗಸರು. ಕಾಗದ ಸುಟ್ಟವರೂ ಅವರೇ.

ಮರುದಿನ, ಫೆಬ್ರವರಿ 5ರಂದು, ಕಾರ್ಮಿಕ ಮಂತ್ರಿ ಆಲಿವರ್ ಸ್ಟ್ಯಾನ್ಲಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಹೊಸ ದರವನ್ನು ತಡೆಹಿಡಿದಿರುವುದಾಗಿ ಹೇಳಿದರು. ಹಳೆಯ ದರ, ಹೊಸ ದರ ಎರಡರಲ್ಲಿ ಯಾವುದು ಹೆಚ್ಚೋ ಅದು ಸಿಗುತ್ತದೆ. ಬಲಿಷ್ಠ ಬಹುಮತದ ಸರ್ಕಾರವೊಂದು ಕೆಲಸವಿಲ್ಲದವರ ಮುಂದೆ ಹೀಗೆ ಒಂದು ತಿಂಗಳೊಳಗೆ ಮಂಡಿಯೂರಿದ್ದು ಆ ದಶಕದಲ್ಲಿ ಇನ್ನೊಂದಿಲ್ಲ.

ಆದರೆ ಬ್ರಿಟನ್ ನೆನಪಿಟ್ಟುಕೊಂಡದ್ದು ಮರ್ಥರಿನ ಹೆಂಗಸರನ್ನಲ್ಲ, ಜಾರೋ ಊರಿನ ಗಂಡಸರನ್ನು. ಪಾಮರ್ ಹಡಗುಕಟ್ಟೆ ಮುಚ್ಚಿ ಸತ್ತಂತಿದ್ದ ಆ ಊರಿನಿಂದ 1936ರ ಅಕ್ಟೋಬರ್ 5ರಂದು 200 ಮಂದಿ ಹೊರಟರು. ಓಕ್ ಮರದ ಪೆಟ್ಟಿಗೆಯಲ್ಲಿ 11,000ಕ್ಕೂ ಹೆಚ್ಚು ಸಹಿಗಳ ಅರ್ಜಿ, ಜೊತೆಗೆ ಒಂದು ನಾಯಿ, ಆಗಾಗ ಪಕ್ಕದಲ್ಲಿ ನಡೆಯುತ್ತಿದ್ದ ಪಾರ್ಲಿಮೆಂಟ್ ಸದಸ್ಯೆ ಎಲೆನ್ ವಿಲ್ಕಿನ್‌ಸನ್. ಶಿಸ್ತು, ಸೌಮ್ಯತೆ, ಪತ್ರಿಕೆಗಳ ತುಂಬ ಚಿತ್ರ. ಅರ್ಜಿ ಪಾರ್ಲಿಮೆಂಟಿಗೆ ಸೇರಿತು, ಚರ್ಚೆಯೇ ಆಗಲಿಲ್ಲ. ನಡೆದು ಹೋದ ಆ ವಾರಗಳಲ್ಲಿ ಅವರು 'ಕೆಲಸಕ್ಕೆ ಲಭ್ಯರಿರಲಿಲ್ಲ' ಎಂದು ಭತ್ಯೆಯನ್ನು ಕತ್ತರಿಸಿದರು. ಕೆಲಸವೇ ಇಲ್ಲದ ಊರಿನಲ್ಲಿ! ಜಾರೋವನ್ನು ಗೌರವಿಸೋಣ, ಆದರೆ ಪಾಠಪುಸ್ತಕಗಳು ಸೋತ ಮೆರವಣಿಗೆಯನ್ನು ಪ್ರೀತಿಸಿ ಗೆದ್ದ ಮೆರವಣಿಗೆಯನ್ನು ಮರೆಯುವುದರಲ್ಲಿ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆ.

ಮನೆಮಂದಿಯ ದುಡಿಮೆಯನ್ನೆಲ್ಲ ಕೂಡಿಸುವ ತಪಾಸಣೆ ಕೊನೆಗೆ 1941ರಲ್ಲಿ ಹೋಯಿತು. ಮತ್ತೆ ಯುದ್ಧ, ಕಾರ್ಮಿಕ ಮಂತ್ರಿಯ ಕುರ್ಚಿಯಲ್ಲಿ ಗಾಡಿ ಓಡಿಸಿ, ಸಂಘ ಕಟ್ಟಿ ಬಂದ ಅರ್ನೆಸ್ಟ್ ಬೆವಿನ್, ಪ್ರತಿಯೊಂದು ಜೋಡಿ ಕೈಯೂ ಬೇಕಾಗಿದ್ದ ಕಾಲ. ಮುಂದಿನ ವರ್ಷ ಡಿಸೆಂಬರಿನಲ್ಲಿ ಬೆವರಿಜ್ ವರದಿ ಹೊರಬಂತು. ಸರ್ಕಾರಿ ವರದಿಯನ್ನು ಕೊಳ್ಳಲು ಜನ ಸಾಲು ನಿಂತರು. ವಂತಿಗೆ ಕಟ್ಟಿದವನಿಗೆ ತಪಾಸಣೆಯಿಲ್ಲದ ಭತ್ಯೆ ಎಂಬ 1911ರ ಮಾತೇ ಅದರ ಬೆನ್ನೆಲುಬು. 1947ರ ನವೆಂಬರಿನಲ್ಲಿ ರಾಷ್ಟ್ರೀಯ ನೆರವು ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿ ಮಾತಾಡಿದವರು ಹಿಂದೆ ವೇಲ್ಸಿನಲ್ಲಿ ಗಣಿ ಕಾರ್ಮಿಕರಾಗಿದ್ದ ಅನೈರಿನ್ ಬೆವನ್. ಇಪ್ಪತ್ತರ ದಶಕದಲ್ಲಿ ಟ್ರೆಡೀಗರ್ ಊರಿನಲ್ಲಿ ಕೆಲಸವಿಲ್ಲದೆ ಕೂತಿದ್ದಾಗ, ಮನೆಯಲ್ಲಿ ಸಹೋದರಿ ದುಡಿಯುತ್ತಾಳೆಂಬ ಕಾರಣಕ್ಕೆ ಬೆವನ್ನರ ಭತ್ಯೆಯನ್ನು ನಿಲ್ಲಿಸಿದ್ದರು. ಹಳೆಯ ಬಡವರ ಕಾಯ್ದೆ ಇನ್ನು ಇಲ್ಲ ಎಂದು ಹೇಳುವ ಆ ಶಾಸನ 1948ರ ಜುಲೈ 5ರಂದು ಜಾರಿಗೆ ಬಂತು. ತಪಾಸಣೆ ಪೂರ್ತಿ ಹೋಯಿತೆಂದಲ್ಲ. ವಿಮೆ ಸಾಲದವರಿಗೆ ಅದು ಉಳಿಯಿತು, ಮುಂದೆ ಹಲವು ಹೆಸರಲ್ಲಿ ಬೆಳೆಯಿತು ಕೂಡ. ಮಗಳ ಕೂಲಿಯನ್ನು ಅಪ್ಪನ ತಟ್ಟೆಯಿಂದ ಕಳೆಯುವ ಹಳೆಯ ರೂಪ ಮಾತ್ರ ಮರಳಿ ಬರಲಿಲ್ಲ.

ಭಾರತಕ್ಕೂ ಈ ಅಲೆ ತಾಗಿತ್ತು. ಬಿ. ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯಿಂದ 1948ರ ಇಎಸ್ಐ ಕಾಯ್ದೆ ಹುಟ್ಟಿತು. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಗಾಯ, ಇವಕ್ಕೆ ಅದರಲ್ಲಿ ಜಾಗವಿತ್ತು, ನಿರುದ್ಯೋಗಕ್ಕೆ ಇರಲಿಲ್ಲ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಇಎಸ್ಐ ಭತ್ಯೆ ಕೊಡಲು ಶುರುಮಾಡಿದ್ದು 2005ರಲ್ಲಿ. ಕರ್ನಾಟಕದ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಪದವಿ ಇಲ್ಲದೆ ಕೆಲಸ ಕಳೆದುಕೊಂಡ ಗಾರೆಯವನು, ಗಾರ್ಮೆಂಟ್ಸ್‌ನ ಹೆಣ್ಣುಮಗಳು ಅದರೊಳಗೆ ಬರುವುದಿಲ್ಲ. ನಿರುದ್ಯೋಗ ಬಂದಾಗ ಸಾರ್ವಜನಿಕ ನೆರವು ಸಿಗಬೇಕೆಂದು ನಮ್ಮ ಸಂವಿಧಾನದ 41ನೇ ವಿಧಿ ಹೇಳುತ್ತದೆ. ಅದು ಇರುವುದು ರಾಜ್ಯ ನಿರ್ದೇಶಕ ತತ್ವಗಳ ಭಾಗದಲ್ಲಿ. ಆ ಭಾಗದಲ್ಲಿರುವುದನ್ನು ಕೋರ್ಟಿಗೆ ಹೋಗಿ ಹಕ್ಕೆಂದು ಕೇಳುವಂತಿಲ್ಲ.